ತೊಟ್ಟು ಕಡಿಯದ ತೇಪೆ

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ ಎಂಬ ಗಾದೆ ನಮ್ಮ ಸೋದರಮಾವನ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಕೆಲವು ವರ್ಷಗಳ ಹಿಂದೆ ಅವರ ನೆಗಡಿಗೇ ಮೂಗಿನೊಳಗೆ ಕತ್ತರಿ ಹಾಕಿಸಬೇಕಾಗಿ ಬಂದಾಗ ಆ ಗಾದೆಯನ್ನು ನೆನಪಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಆಗಲಿಲ್ಲ.

ಮಾಮಾ ಇರುವುದು ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಸಂತೆ ಮುಗಿಸಿ ಬೈಕಿನಲ್ಲಿ ಬರುವಾಗ ಬಿದ್ದು ಹಣೆಗೆ ಪೆಟ್ಟಾಗಿತ್ತು. ಹೊಲಿಗೆ ಹಾಕಿದರು, ಗಾಯ ಮಾಯಿತು, ಎಲ್ಲರೂ ಮರೆತರು. ನಾಲ್ಕೈದು ತಿಂಗಳಾದ ಮೇಲೆ ಬಲಗಡೆಯ ಮೂಗಿನಿಂದ ನೀರು ಇಳಿಯತೊಡಗಿತು. ದೇವರಿಗೆ ನಮಸ್ಕಾರ ಮಾಡಲು ಬಗ್ಗಿದರೆ, ಎಮ್ಮೆ ಹಿಂಡಲು ಕೂತರೆ, ಸರಿಯಾಗಿ ಬಂದ್ ಮಾಡದ ನಳದ ಹಾಗೆ ತೊಟತೊಟ. ಫೋನಿನಲ್ಲಿ ಕೇಳಿದರೆ, “ಏನಿಲ್ಲೋ ತಮ್ಮಾ, ನೆಗಡಿ ಅಷ್ಟ. ಹವಾ ಬದಲಾಗೇತಲ್ಲ” ಎನ್ನುತ್ತಿದ್ದರು. ತೋರಿಸಿದ ಕಡೆಯೂ ಅಲರ್ಜಿ ಎಂದೇ ಮಾತ್ರೆ ಕೊಟ್ಟರು. ಮಾತ್ರೆ ತೀರಿತು, ನೀರು ನಿಲ್ಲಲಿಲ್ಲ. ಒಂದು ರಾತ್ರಿ ಮೈ ಸುಡುವ ಜ್ವರ, ತಲೆ ಒಡೆಯುವ ನೋವು, ಕುತ್ತಿಗೆ ಬಾಗದಷ್ಟು ಬಿಗಿತ. ಮೆದುಳಿನ ಹೊದಿಕೆಗೆ ಸೋಂಕು ತಗುಲಿತ್ತು. ಹುಬ್ಬಳ್ಳಿಯಲ್ಲಿ ಹದಿನೈದು ದಿನ ಮಲಗಿ ಜೀವ ಉಳಿಸಿಕೊಂಡರು. ಆಮೇಲೆ ದಾದರ್ ರೈಲು ಹತ್ತಿಸಿ ಅವರನ್ನು ಇಲ್ಲಿಗೆ ಕರೆತಂದೆವು.

ಮುಂಬಯಿಯ ಆಸ್ಪತ್ರೆಯಲ್ಲಿ ಆ ನೀರನ್ನು ಪುಟ್ಟ ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸಿದರು. ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಅದರಲ್ಲಿ ಸಿಕ್ಕಿತು. ನೆಗಡಿಯ ಸಿಂಬಳದಲ್ಲಿ ಅದು ಇರುವುದಿಲ್ಲ. ಮೂಗಿನಿಂದ ಇಳಿಯುತ್ತಿದ್ದದ್ದು ಮೆದುಳನ್ನೂ ಬೆನ್ನುಹುರಿಯನ್ನೂ ತೇಲಿಸಿಕೊಂಡಿರುವ ದ್ರವ. ನಮ್ಮ ತಲೆಯೊಳಗೆ ದಿನಕ್ಕೆ ಸುಮಾರು 500 ಮಿಲಿ ಲೀಟರಿನಷ್ಟು ಆ ದ್ರವ ಹುಟ್ಟುತ್ತದೆ, ಅಷ್ಟೇ ಹಿಂಗುತ್ತದೆ. ಯಾವುದೇ ಹೊತ್ತಿನಲ್ಲಿ ಒಳಗಿರುವುದು 150 ಮಿಲಿ ಲೀಟರಿನ ಆಸುಪಾಸು. ಮೆದುಳು ಕೂತಿರುವ ಬುರುಡೆಯ ತಳಕ್ಕೂ ಮೂಗಿನ ಛಾವಣಿಗೂ ನಡುವೆ ಇರುವುದು ಒಂದೇ ತೆಳು ಮೂಳೆ. ಅದರ ಒಂದು ಭಾಗವಂತೂ ಜರಡಿಯಂತೆ ತೂತುತೂತು. ವಾಸನೆಯ ನರಗಳು ಆ ತೂತುಗಳಿಂದಲೇ ಮೂಗಿಗೆ ಇಳಿಯುತ್ತವೆ. ಮಾಮಾ ಬಿದ್ದಾಗ ಆ ಛಾವಣಿ ಸೀಳಿತ್ತು, ಅದರ ಮೇಲಿನ ಪೊರೆಯೂ ಹರಿದಿತ್ತು. ಒಳಗಿನ ನೀರು ಹೊರಕ್ಕೆ ಬರುವ ದಾರಿ ಹೊರಗಿನ ಕ್ರಿಮಿ ಒಳಕ್ಕೆ ಹೋಗುವ ದಾರಿಯೂ ಆಗಿತ್ತು.

“ಹಂಗಾರ ತೂತಿಗೆ ತೇಪಿ ಹಾಕ್ರಿ” ಎಂದರು ಮಾಮಾ. ನಾನು ಅದನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಡಾಕ್ಟರರು ನಕ್ಕು, ಕೇಸ್ ಪೇಪರಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ತೊಡೆಯಿಂದ ಒಂದು ತುಂಡು ಪೊರೆ ತೆಗೆದು ಒಳಗೆ ಇಡುತ್ತೇವೆ. ಅದರ ಮೇಲೆ ಮೂಗಿನ ನಡುಗೋಡೆಯ ಒಳಪದರವನ್ನು ಎಬ್ಬಿಸಿ ಹೊದಿಸುತ್ತೇವೆ. ಆದರೆ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಹಿಂದುಗಡೆ ಒಂದು ತೊಟ್ಟು ಉಳಿಸಿಕೊಳ್ಳುತ್ತೇವೆ. ಅದರ ರಕ್ತನಾಳ ಆ ತೊಟ್ಟಿನಲ್ಲಿದೆ. ತೊಟ್ಟು ಇದ್ದರೆ ತೇಪೆ ಬದುಕುತ್ತದೆ.

ಎದ್ದು ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು: “ಇದು ಇಲ್ಲಿನದೇ ಹಳೆಯ ವಿದ್ಯೆ. ಪುಣೆಯಲ್ಲಿ ಒಬ್ಬ ಕುಂಬಾರ ಮಾಡುತ್ತಿದ್ದ.”

ಆಪರೇಷನ್ ಥಿಯೇಟರಿನ ಹೊರಗೆ ಆರು ತಾಸು ಕಾಯುವವನಿಗೆ ಯೋಚಿಸಲು ಏನಾದರೂ ಬೇಕಿತ್ತು. ನಾನು ಕುಂಬಾರನ ಬೆನ್ನು ಹತ್ತಿದೆ. ಆ ದಾರಿ ನನ್ನನ್ನು ಮೊದಲು ಕರೆದೊಯ್ದದ್ದು ಪುಣೆಗಲ್ಲ, ಶ್ರೀರಂಗಪಟ್ಟಣಕ್ಕೆ.

*

ಮೂರನೆಯ ಮೈಸೂರು ಯುದ್ಧದ ಕಾಲ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿನವರೆಗೆ ಬಂದು ಹಿಂದಿರುಗಬೇಕಾಯಿತು. ಅವನನ್ನು ಸೋಲಿಸಿದ್ದರಲ್ಲಿ ಎತ್ತುಗಳ ಪಾಲು ದೊಡ್ಡದು. ಮೇವಿಲ್ಲದೆ, ರೋಗ ಬಂದು ಎತ್ತುಗಳು ಸತ್ತವು. ತೋಪು ಎಳೆಯುವವರಿಲ್ಲದೆ, ಧಾನ್ಯ ಬಾರದೆ ಸೇನೆ ನಿಂತುಹೋಯಿತು. ಮರು ವರ್ಷ ಅವನು ಮತ್ತೆ ಬಂದ. ಆ ಹೊತ್ತಿಗೆ ಮುಂಬಯಿಯ ಸೇನೆಯೂ ಮಲಬಾರಿನಲ್ಲಿ ಇಳಿದು, ಕೊಡಗಿನ ಘಟ್ಟ ಹತ್ತಿ, ಅಬರ್‌ಕ್ರೋಂಬಿಯ ಮುಂದಾಳುತನದಲ್ಲಿ ಶ್ರೀರಂಗಪಟ್ಟಣದ ಬಳಿ ಬಂದು ಸೇರಿಕೊಂಡಿತು.

ಈ ಯುದ್ಧದಲ್ಲಿ ಇಂಗ್ಲಿಷರ ಎತ್ತು ಹೊಡೆಯುತ್ತಿದ್ದವನೊಬ್ಬ ಮೈಸೂರಿನವರ ಕೈಗೆ ಸೆರೆಸಿಕ್ಕ. ಇಂಗ್ಲಿಷ್ ಬರಹಗಳಲ್ಲಿ ಅವನ ಹೆಸರು ಕೊವಾಸ್‌ಜೀ ಎಂದಿದೆ. ಮುಂಬಯಿಯ ಕಿವಿಗೆ ಇದು ಪಾರ್ಸಿ ಹೆಸರಿನಂತೆ ಕೇಳುತ್ತದೆ; ಬರಹ ಮಾತ್ರ ಅವನನ್ನು ಬೇಸಾಯಗಾರ ಜಾತಿಯ ಮರಾಠಿಗ ಎಂದು ಹೇಳುತ್ತದೆ. ಸೆರೆಯಲ್ಲಿ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಟಿಪ್ಪುವೇ ಕತ್ತರಿಸಿದನೆಂದು ಆ ಬರಹ ಹೇಳುವಾಗ, ಅದು ಶತ್ರುಪಕ್ಷದವರ ಲೇಖನಿ ಎಂಬುದನ್ನು ನಾವು ನೆನಪಿನಲ್ಲಿಡಬೇಕು. ಮೂಗು ಕೊಯ್ಯುವುದು ಆ ಕಾಲದಲ್ಲಿ ಒಬ್ಬ ದೊರೆಯ ಸ್ವತ್ತೇನೂ ಆಗಿರಲಿಲ್ಲ. ಮೈಸೂರಿನ ಸೈನಿಕರ ಈ ಅಭ್ಯಾಸವನ್ನು ಪರದೇಶದ ಪ್ರವಾಸಿಗರು ನೂರು ವರ್ಷ ಹಿಂದೆಯೇ ಬರೆದಿಟ್ಟಿದ್ದರು. ಶೂರ್ಪನಖಿಯ ಕಾಲದಿಂದಲೂ ನಮ್ಮಲ್ಲಿ ಮೂಗು ಹೋಗುವುದೆಂದರೆ ಮಾನ ಹೋಗುವುದು. ಎತ್ತಿನ ಮೇಲೆ ನಿಂತ ಸೇನೆಯನ್ನು ತಡೆಯಬೇಕಾದರೆ ಎತ್ತು ಹೊಡೆಯುವವನಿಗೆ ಹೆದರಿಕೆ ಹುಟ್ಟಿಸಬೇಕು ಎಂಬ ಲೆಕ್ಕವೂ ಇದರ ಹಿಂದೆ ಇದ್ದಿರಬೇಕು. ಏನೇ ಇರಲಿ, ದೊಡ್ಡವರ ಯುದ್ಧದಲ್ಲಿ ಮೂಗು ಹೋದದ್ದು ಕೂಲಿಗೆ ಬಂದವನದು.

ಕೊವಾಸ್‌ಜೀ ಅದೇ ಸ್ಥಿತಿಯಲ್ಲಿ ಬಂದು ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೇನೆಯನ್ನು ಸೇರಿಕೊಂಡ. ಮುಂದೆ ಕಂಪನಿ ಅವನಿಗೆ ಪಿಂಚಣಿ ಕೊಟ್ಟಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದ. 1793ರಲ್ಲಿ ಪುಣೆಯ ಬಳಿ ಒಬ್ಬನು ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಅವನು ಇಟ್ಟಿಗೆ ಸುಡುವ ಜಾತಿಯವನು ಎಂದಷ್ಟೇ ದಾಖಲೆ ಹೇಳುತ್ತದೆ, ಅಂದರೆ ನಮ್ಮ ಮಾತಿನಲ್ಲಿ ಕುಂಬಾರ.

ಮುಂಬಯಿ ಪ್ರೆಸಿಡೆನ್ಸಿಯ ಇಬ್ಬರು ಸರ್ಜನ್ನರು, ಥಾಮಸ್ ಕ್ರೂಸೋ ಮತ್ತು ಜೇಮ್ಸ್ ಫಿಂಡ್ಲೆ, ಈ ಕೆಲಸ ನಡೆಯುವುದನ್ನು ಕಣ್ಣಾರೆ ಕಂಡವರು. ಅದನ್ನು ಆಧರಿಸಿದ ಬರಹ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಪತ್ರದ ರೂಪದಲ್ಲಿ ಬಂತು. ಅದರ ಜೊತೆಗೆ ಅಚ್ಚಾದ ಚಿತ್ರಕ್ಕೆ ಮೂಲ, 1791ರಲ್ಲಿ ಮುಂಬಯಿಗೆ ಬಂದಿದ್ದ ಸ್ಕಾಟ್ಲೆಂಡಿನ ಕಲಾವಿದ ಜೇಮ್ಸ್ ವೇಲ್ಸ್ ಬರೆದದ್ದು. ಆಪರೇಷನ್ ಆಗಿ ಹತ್ತು ತಿಂಗಳಾದ ಮೇಲೆ, 1794ರ ಜನವರಿಯಲ್ಲಿ, ಕೊವಾಸ್‌ಜೀ ಅವನ ಮುಂದೆ ಕೂತ. ಚಿತ್ರದಲ್ಲಿ ಅವನಿಗೆ ಮೂಗಿದೆ. ಹಣೆಯ ನಡುವೆ, ಆ ಮೂಗು ಬಂದ ಜಾಗದ ಗುರುತೂ ಇದೆ.

*

ಕುಂಬಾರ ಮಾಡಿದ್ದೇನು? ಮೊದಲು ಮೇಣದ ತೆಳು ಹಾಳೆಯನ್ನು ಕೊಯ್ದುಹೋದ ಮೂಗಿನ ಮೊಂಡಿಗೆ ಅಂಟಿಸಿ, ಒಳ್ಳೆಯ ಮೂಗಿನ ಆಕಾರ ಬರುವಂತೆ ತಿದ್ದಿದ. ಆಮೇಲೆ ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯ ಉದ್ದಕ್ಕೂ ಕೊಯ್ದು ಹಣೆಯ ಚರ್ಮವನ್ನು ಎಬ್ಬಿಸಿದ. ಎರಡು ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕೊಯ್ಯದೆ ಬಿಟ್ಟ. ಮೊಂಡಿನ ಅಂಚಿನ ಹಳೆಯ ಕಲೆಯನ್ನು ಹೆರೆದು ಹಸಿ ಮಾಡಿದ. ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಚಿ ಕೆಳಗಿಳಿಸಿ, ಮೂಗಿನ ಜಾಗದಲ್ಲಿ ಮಾಡಿದ್ದ ಸೀಳಿಗೆ ಅದರ ಅಂಚನ್ನು ಸೇರಿಸಿದ. ಹೊಲಿಗೆಯ ಬದಲು ಕಾಚನ್ನು ನೀರಿನಲ್ಲಿ ಮೆತ್ತಗೆ ಮಾಡಿ ಬಟ್ಟೆಯ ಪಟ್ಟಿಗಳಿಗೆ ಸವರಿ, ಒಂದರ ಮೇಲೊಂದು ಐದಾರು ಪಟ್ಟಿ ಅಂಟಿಸಿದ. ಎಲೆಯಡಿಕೆಗೆ ಹಾಕುವ ಅದೇ ಕಾಚು. ನಾಲ್ಕು ದಿನದ ಮೇಲೆ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆಯ ತುಣುಕು. ಸುಮಾರು ಇಪ್ಪತ್ತೈದನೆಯ ದಿನ ಹುಬ್ಬುಗಳ ನಡುವಿನ ಪಟ್ಟಿಯನ್ನು ಕತ್ತರಿಸಿದ.

ಇಡೀ ವಿದ್ಯೆ ಆ ಕೊನೆಯ ವಾಕ್ಯದಲ್ಲಿದೆ. ಇಪ್ಪತ್ತೈದು ದಿನ ಏಕೆ ಕಾಯಬೇಕು? ಅಷ್ಟರಲ್ಲಿ ಹೊಸ ಜಾಗದ ರಕ್ತನಾಳಗಳು ಚರ್ಮದೊಳಕ್ಕೆ ಬೆಳೆದುಕೊಳ್ಳುತ್ತವೆ. ಅಲ್ಲಿಯವರೆಗೆ ಹುಬ್ಬುಗಳ ನಡುವಿನ ತೊಟ್ಟು ಅದಕ್ಕೆ ರಕ್ತ ಉಣ್ಣಿಸುತ್ತದೆ. ಕಣ್ಣಿನ ಗೂಡಿನ ಒಳಮೂಲೆಯಿಂದ ಹೊರಟು ಹಣೆಗೆ ಹತ್ತುವ ಆ ಸಣ್ಣ ರಕ್ತನಾಳಕ್ಕೆ ಈಗ ಸುಪ್ರಾಟ್ರಾಕ್ಲಿಯರ್ ಅಪಧಮನಿ ಎಂಬ ಉದ್ದನೆಯ ಹೆಸರಿದೆ. ಕುಂಬಾರನಿಗೆ ಹೆಸರು ಗೊತ್ತಿರಲಿಲ್ಲ. ಎಲ್ಲಿ ಕೊಯ್ಯಬಾರದು, ಯಾವ ದಿನ ಕೊಯ್ಯಬಹುದು ಎಂಬುದು ಗೊತ್ತಿತ್ತು.

ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಸುಶ್ರುತ ಸಂಹಿತೆಯಲ್ಲಿ ಮೂಗಿನ ಅಳತೆಗೆ ಎಲೆಯೊಂದನ್ನು ಕತ್ತರಿಸಿಕೊಂಡು, ಕೆನ್ನೆಯ ಚರ್ಮವನ್ನು ಒಂದು ಕಡೆ ಅಂಟಿಕೊಂಡಂತೆಯೇ ಎಬ್ಬಿಸಿ ಮೂಗಿಗೆ ಕೂರಿಸುವ ಕ್ರಮವಿದೆ. ಕೆನ್ನೆಯಿಂದ ಹಣೆಗೆ, ಎಲೆಯಿಂದ ಮೇಣಕ್ಕೆ, ವೈದ್ಯರ ಮನೆಯಿಂದ ಕುಂಬಾರನ ಮನೆಗೆ ಈ ವಿದ್ಯೆ ಬಂದ ದಾರಿಯಲ್ಲಿ ಎಷ್ಟು ಕೈಗಳು ತಿದ್ದಿದವೋ. ‘ಎಲ್ಲ ನಮ್ಮಲ್ಲೇ ಇತ್ತು’ ಎಂದು ಎದೆಯುಬ್ಬಿಸುವವರಿಗೆ ಈ ಕಥೆ ಬಹಳ ಇಷ್ಟ. ನಮ್ಮಲ್ಲಿ ಇದ್ದದ್ದು ನಿಜ. ಆದರೆ ಶಾಸ್ತ್ರ ಬರೆಯುವವರು ಮತ್ತು ಕತ್ತಿ ಹಿಡಿಯುವವರು ಬೇರೆ ಬೇರೆ ಜಾತಿಯಾಗಿ ದೂರ ಸರಿದಿದ್ದರು ಎಂಬುದೂ ಅಷ್ಟೇ ನಿಜ. ಕುಂಬಾರನ ಹೆಸರನ್ನು ಇಂಗ್ಲಿಷರು ಬರೆದುಕೊಳ್ಳಲಿಲ್ಲ. ನಮ್ಮವರೂ ಬರೆದಿಡಲಿಲ್ಲ. ನೋಡಿದವರ ಹೆಸರು ಉಳಿಯಿತು, ಚಿತ್ರ ಬರೆದವನ ಹೆಸರು ಉಳಿಯಿತು, ಮೂಗು ಕಳೆದುಕೊಂಡವನ ಹೆಸರೂ ಉಳಿಯಿತು. ಮಾಡಿದವನದು ಉಳಿಯಲಿಲ್ಲ.

ಪತ್ರಿಕೆಯಲ್ಲಿ ಬಂದದ್ದನ್ನು ಲಂಡನ್ನಿನ ಸರ್ಜನ್ ಜೋಸೆಫ್ ಕಾರ್ಪ್ಯೂ ಓದಿದ. ಹೆಣಗಳ ಮೇಲೆ ಅಭ್ಯಾಸ ಮಾಡಿದ. 1814ರ ಅಕ್ಟೋಬರ್ 23ರಂದು ಒಬ್ಬ ಸೈನ್ಯಾಧಿಕಾರಿಗೆ ಹಣೆಯ ಚರ್ಮದಿಂದ ಮೂಗು ಮಾಡಿದ. 1816ರಲ್ಲಿ ಪುಸ್ತಕ ಬರೆದ. ಎರಡು ವರ್ಷದ ನಂತರ ಬರ್ಲಿನ್ನಿನಲ್ಲಿ ಗ್ರೇಫ ಎಂಬ ಸರ್ಜನ್ನನ ಪುಸ್ತಕ ಬಂತು. ಹಣೆಯಿಂದ ಮೂಗು ಮಾಡುವ ಈ ಕ್ರಮಕ್ಕೆ ಯುರೋಪು ‘ಇಂಡಿಯನ್ ಮೆಥಡ್’ ಎಂದು ಹೆಸರಿಟ್ಟಿತು. ಒಬ್ಬನ ಹೆಸರಿನ ಬದಲು ದೇಶದ ಹೆಸರು ಬಂತು.

*

ಒಂದೂವರೆ ಶತಮಾನದ ಮೇಲೆ ಈ ವಿದ್ಯೆ ಹಡಗು ಹತ್ತಿ ಮುಂಬಯಿಗೆ ವಾಪಸ್ಸು ಬಂತು. ತಂದವರು ಹುಬ್ಬಳ್ಳಿಯಲ್ಲಿ ಹುಟ್ಟಿದವರು.

ನೌಶೇರ್ ಆಂಟಿಯಾ ಪಾರ್ಸಿ ಮನೆತನದವರು, ಹುಟ್ಟಿದ್ದು 1922ರಲ್ಲಿ. ಆಗ ಹುಬ್ಬಳ್ಳಿ ಮುಂಬಯಿ ಪ್ರೆಸಿಡೆನ್ಸಿಯ ಊರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳಿಗೆ 1956ರವರೆಗೆ ರಾಜಧಾನಿಯೆಂದರೆ ಮುಂಬಯಿಯೇ. ದೊಡ್ಡ ಕಾಯಿಲೆ ಬಂದರೆ ಇಂದಿಗೂ ಆ ಕಡೆಯವರ ಬಾಯಲ್ಲಿ ಮೊದಲು ‘ಬಾಂಬೆಗೆ ಒಯ್ಯೂಣು’ ಎಂದೇ ಬರುವುದಕ್ಕೆ ಆ ಹಳೆಯ ನಂಟು ಒಂದು ಕಾರಣ. ಆಂಟಿಯಾ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿಗೆ ಹೋಗಿ ಸರ್ ಹೆರಾಲ್ಡ್ ಗಿಲ್ಲೀಸ್ ಅವರ ಕೈಕೆಳಗೆ ಕಲಿತರು. ಮೊದಲ ಮಹಾಯುದ್ಧದಲ್ಲಿ ಮುಖ ಕಳೆದುಕೊಂಡ ಸೈನಿಕರಿಗೆ ಹೊಸ ಮುಖ ಕಟ್ಟಿದವರು ಗಿಲ್ಲೀಸ್. ಎಬ್ಬಿಸಿದ ಚರ್ಮವನ್ನು ಕೊಳವೆಯಂತೆ ಸುತ್ತಿ ಹೊಲಿದು, ಎರಡೂ ತುದಿ ಅಂಟಿಕೊಂಡಂತೆಯೇ ಬೆಳೆಸಿ, ಆಮೇಲೆ ಒಂದೊಂದೇ ತುದಿಯನ್ನು ದಾಟಿಸುತ್ತ ಬೇಕಾದ ಜಾಗಕ್ಕೆ ಒಯ್ಯುವ ಉಪಾಯವನ್ನು ಅವರು 1917ರಲ್ಲಿ ಬಳಕೆಗೆ ತಂದರು. ಅದೂ ತೊಟ್ಟಿನದೇ ಲೆಕ್ಕ.

ಭಾರತಕ್ಕೆ ಮರಳಿದ ಆಂಟಿಯಾ ಕೈಹಾಕಿದ್ದು ಶ್ರೀಮಂತರ ಮೂಗಿಗಲ್ಲ. ಪುಣೆಯ ಕೊಂಢ್ವಾದಲ್ಲಿ ಕುಷ್ಠರೋಗಿಗಳ ಆಸ್ಪತ್ರೆಯಿತ್ತು. ಕುಷ್ಠದಲ್ಲಿ ಮೂಗಿನ ಒಳಪದರ ನಾಶವಾಗಿ, ಒಳಗಿನ ಆಸರೆ ಕುಸಿದು, ಹೊರಗಿನ ಚರ್ಮ ಚೆನ್ನಾಗಿಯೇ ಇದ್ದರೂ ಮೂಗು ಒಳಕ್ಕೆ ಕೂತುಬಿಡುತ್ತದೆ. ರೋಗ ಔಷಧಿಗೆ ವಾಸಿಯಾದರೂ ಆ ಮೂಗು ನೋಡಿ ಜನ ಹತ್ತಿರ ಸೇರಿಸುವುದಿಲ್ಲ. ಆಂಟಿಯಾ ಒಳಗಿನಿಂದ ಹೊಸ ಒಳಪದರ ಕೊಟ್ಟು ಆ ಮೂಗುಗಳನ್ನು ಎಬ್ಬಿಸಿದರು. ಕೊವಾಸ್‌ಜೀಗೆ ಮೂಗು ಬಂದದ್ದು ಇದೇ ಪುಣೆಯ ಸುತ್ತಿನಲ್ಲಿ ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಮುಂದೆ ಅವರು ಭಾಯ್‌ಖಳಾದ ಜೆ.ಜೆ. ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವನ್ನು ಕಟ್ಟಿದರು. ಕಿವಿಯ ಅಂಚು ಹರಿದುಹೋದರೆ ಉಳಿದ ಕಿವಿಯನ್ನೇ ಚರ್ಮದ ತೊಟ್ಟಿನ ಮೇಲೆ ಸರಿಸಿ ಜೋಡಿಸುವ ಕ್ರಮವೊಂದನ್ನು 1967ರಲ್ಲಿ ಅವರು ಸಹೋದ್ಯೋಗಿ ಬುಚ್ ಜೊತೆ ಪ್ರಕಟಿಸಿದರು. ಆಂಟಿಯಾ–ಬುಚ್ ಫ್ಲಾಪ್ ಎಂದು ಜಗತ್ತಿನ ಸರ್ಜನ್ನರು ಈಗಲೂ ಅದನ್ನು ಕರೆಯುತ್ತಾರೆ. ಈ ಸಲ ಮಾಡಿದವರ ಹೆಸರು ಉಳಿಯಿತು.

ಅವರ ಇನ್ನೊಂದು ಕೆಲಸ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1970ರ ದಶಕದಲ್ಲಿ ಅವರು ಬಂದರಿನಾಚೆ ಮಾಂಡವಾ ಕಡೆಯ ಹಳ್ಳಿಗಳಿಗೆ ಹೋಗಿ, ಹೆಚ್ಚು ಓದಿಲ್ಲದ ಹೆಂಗಸರಿಗೆ ಆರೋಗ್ಯದ ಕೆಲಸ ಕಲಿಸಿದರು. ಡಿಗ್ರಿ ಇಲ್ಲದ ಕೈಯೂ ಕಲಿಯಬಲ್ಲದು, ಜೀವ ಉಳಿಸಬಲ್ಲದು ಎಂಬ ನಂಬಿಕೆ ಅವರದು. ಪುಣೆಯ ಕುಂಬಾರನ ವಿದ್ಯೆಯನ್ನು ಲಂಡನ್ನಿನ ಮೂಲಕ ಕಲಿತು ಬಂದವರು ಹಾಗೆ ನಂಬಿದ್ದು ಸರಿಯಾಗಿಯೇ ಇದೆ. 2007ರಲ್ಲಿ ಅವರು ತೀರಿಕೊಂಡರು.

*

ಇಷ್ಟೂ ಹೊರಗಿನ ಮೂಗಿನ ಕಥೆ. ಮಾಮಾನ ತೂತು ಇದ್ದದ್ದು ಮೂಗಿನ ಛಾವಣಿಯಲ್ಲಿ, ಮೆದುಳಿನ ಕೆಳಗೆ. ಅಲ್ಲಿಗೆ ಕೈ ಹೋಗಲು ಬಹಳ ಕಾಲ ಬೇಕಾಯಿತು.

ಅಮೆರಿಕದ ವಾಲ್ಟರ್ ಡ್ಯಾಂಡಿ 1926ರಲ್ಲಿ ತಲೆಬುರುಡೆ ತೆರೆದು, ಮೆದುಳನ್ನು ಮೆಲ್ಲಗೆ ಎತ್ತಿ, ತೊಡೆಯ ಪೊರೆಯಿಂದ ಇಂಥ ಸೋರಿಕೆಯನ್ನು ಮುಚ್ಚಿದರು. 1948ರಲ್ಲಿ ಸ್ವೀಡನ್ನಿನ ಡೋಲ್‌ಮನ್ ಮೂಗಿನ ಒಳಪದರವನ್ನೇ ತಿರುಗಿಸಿ ಮುಚ್ಚಬಹುದೆಂದು ತೋರಿಸಿದರು. 1963ರಲ್ಲಿ ಅಮೆರಿಕದ ಕೆಚಮ್ ಮತ್ತು ಸಂಗಡಿಗರು ಮೂಗಿನ ಸೈನಸುಗಳ ಕ್ಯಾನ್ಸರನ್ನು ಮೇಲಿನಿಂದ ಬುರುಡೆ ತೆರೆದು, ಕೆಳಗಿನಿಂದ ಮುಖ ತೆರೆದು, ಒಟ್ಟಿಗೆ ಕಿತ್ತುಹಾಕುವ ಕ್ರಮವನ್ನು ಪ್ರಕಟಿಸಿದರು. ಗಡ್ಡೆ ತೆಗೆಯುವುದೇನೋ ಸಾಧ್ಯವಾಯಿತು, ಆದರೆ ಹಿಂದೆ ಉಳಿಯುವ ತೂತು ಹೊಸ ಶತ್ರುವಾಯಿತು. ಮೇಲೆ ಮೆದುಳು, ಕೆಳಗೆ ಸದಾ ಗಾಳಿ, ಧೂಳು, ಕ್ರಿಮಿಗಳು ಓಡಾಡುವ ಮೂಗು. ಅಂಥ ಜಾಗದಲ್ಲಿ ರಕ್ತವಿಲ್ಲದ ತುಂಡು ಪೊರೆಯನ್ನು ಇಟ್ಟರೆ ಸಣ್ಣ ತೂತಾದರೆ ಹಿಡಿದೀತು. ದೊಡ್ಡದಾದರೆ ಒಣಗಿ, ಕೊಳೆತು, ಬಿಟ್ಟುಕೊಳ್ಳುವ ಭಯ. ಮೇಲೆ ರೇಡಿಯೇಷನ್ ಕೊಟ್ಟರಂತೂ ಇನ್ನಷ್ಟು ಕಷ್ಟ. ತನ್ನದೇ ರಕ್ತ ತಂದುಕೊಳ್ಳುವ ತೇಪೆ ಅಲ್ಲಿ ಬೇಕು.

ಅಂಥ ತೇಪೆಗಾಗಿ ಸರ್ಜನ್ನರು ಸುತ್ತಮುತ್ತ ನೋಡಿದರು. ಕಂಡದ್ದು ಹಣೆ. ಈ ಸಲ ಚರ್ಮ ಬೇಕಿರಲಿಲ್ಲ. ಚರ್ಮದ ಕೆಳಗೆ, ಬುರುಡೆಯ ಮೂಳೆಗೆ ಅಂಟಿಕೊಂಡಿರುವ ತೆಳು ಪೊರೆ ಸಾಕಿತ್ತು. ಅದನ್ನು ಹಿಂದಿನಿಂದ ಎಬ್ಬಿಸಿ, ಹುಬ್ಬಿನ ಕಡೆಯ ತೊಟ್ಟು ಉಳಿಸಿ, ಒಳಕ್ಕೆ ಮಡಚಿ ಮೆದುಳಿನ ಕೆಳಗೆ ಹಾಸುವುದು. ಅದಕ್ಕೆ ರಕ್ತ ಕೊಡುವ ನಾಳಗಳಲ್ಲಿ ಒಂದು, ಕೊವಾಸ್‌ಜೀಯ ಮೂಗನ್ನು ಇಪ್ಪತ್ತೈದು ದಿನ ಬದುಕಿಸಿದ ಅದೇ ಸುಪ್ರಾಟ್ರಾಕ್ಲಿಯರ್.

ಮುಂಬಯಿಯೂ ಈ ಹುಡುಕಾಟದಲ್ಲಿತ್ತು. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಬುರುಡೆಯ ತಳದ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದ ಅತುಲ್ ಗೋಯಲ್, 1990ರ ದಶಕದ ನಡುವಿನಲ್ಲಿ, ಕಪೋಲದ ಮೇಲಿನ ಅಗಿಯುವ ಸ್ನಾಯುವನ್ನೂ ಅದಕ್ಕೆ ಹೊಂದಿಕೊಂಡ ತಲೆಯ ಪೊರೆಗಳನ್ನೂ ಒಂದೇ ಹಾಳೆಯಾಗಿ ಎಬ್ಬಿಸಿ ಬುರುಡೆಯ ತಳಕ್ಕೆ ಹೊದಿಸುವ ಕ್ರಮವನ್ನು ಗಹಂಕರಿ ಅವರ ಜೊತೆ ಬರೆದರು. ಸ್ನಾಯುವಿಗೆ ಅಂಟಿದ ಮೂಳೆಯ ತುಣುಕನ್ನೂ ಹಾಗೆಯೇ ಜೀವಂತವಾಗಿ ಒಯ್ಯುವ ಬಗ್ಗೆಯೂ ಬರೆದರು. ಕೆ.ಇ.ಎಂ. ಮುಂಬಯಿ ಮಹಾನಗರಪಾಲಿಕೆಯ ಆಸ್ಪತ್ರೆ, 1926ರದು. ಅಲ್ಲಿಯ ಸಾಲಿನಲ್ಲಿ ನಿಂತವರು ಹೆಚ್ಚಾಗಿ ಮಾಮಾನಂಥವರೇ. ದುಬಾರಿ ಸಾಮಗ್ರಿ ಬೇಡದ, ರೋಗಿಯ ಮೈಯಿಂದಲೇ ಸಿಗುವ ತೇಪೆ ಅಂಥ ಕಡೆ ಬಹಳ ಬೆಲೆಯುಳ್ಳದ್ದು.

ಅಷ್ಟರಲ್ಲಿ ಮೂಗಿನ ಹೊಳ್ಳೆಯಿಂದಲೇ ದೂರ್ಬೀನು ತೂರಿಸಿ ಕೆಲಸ ಮಾಡುವ ಎಂಡೋಸ್ಕೋಪು ಬಂತು. ಬುರುಡೆ ತೆರೆಯದೆ ಕೆಳಗಿನಿಂದಲೇ ಮೆದುಳಿನ ತಳವನ್ನು ಮುಟ್ಟುವಂತಾಯಿತು. ಆದರೆ ದೊಡ್ಡ ತೂತುಗಳು ಮತ್ತೆ ಸೋರಿದವು. ನೂರರಲ್ಲಿ ಇಪ್ಪತ್ತಕ್ಕೂ ಮೇಲ್ಪಟ್ಟು ಸೋರುತ್ತಿದ್ದ ಕಾಲವದು. ಪರಿಹಾರ ಸಿಕ್ಕಿದ್ದು ಅರ್ಜೆಂಟೀನಾದ ರೊಸಾರಿಯೊ ಊರಿನ ಇಬ್ಬರಿಂದ: ಹದಾದ್ ಮತ್ತು ಬಸಾಗಾಸ್ತೆಗಿ. ಮೂಗಿನ ನಡುಗೋಡೆಯ ಒಳಪದರವನ್ನು ಅಗಲವಾಗಿ ಎಬ್ಬಿಸಿ, ಹಿಂದುಗಡೆ ಅದಕ್ಕೆ ರಕ್ತ ತರುವ ನಾಳದ ತೊಟ್ಟನ್ನು ಕಾಪಾಡಿ, ಮೇಲಕ್ಕೆ ತಿರುಗಿಸಿ ಮುಚ್ಚುವುದು. 2006ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ತಂಡದೊಂದಿಗೆ ಅವರು ಪ್ರಕಟಿಸಿದ ಲೆಕ್ಕದಲ್ಲಿ 43 ಜನರ ಪೈಕಿ ಮತ್ತೆ ಸೋರಿದ್ದು ಇಬ್ಬರಿಗೆ. ಡಾಕ್ಟರರು ಕೇಸ್ ಪೇಪರಿನ ಹಿಂದೆ ಮಾಮಾನಿಗಾಗಿ ಬರೆದದ್ದು ಇದೇ ಚಿತ್ರ.

ಕ್ಯಾನ್ಸರ್ ನಡುಗೋಡೆಯನ್ನೂ ತಿಂದಿದ್ದರೆ ಆ ಒಳಪದರ ಸಿಗುವುದಿಲ್ಲ. ಆಗ ಮತ್ತೆ ಹಣೆಯೇ ಗತಿ. 2009ರಲ್ಲಿ ಅಮೆರಿಕದ ಜನೇಶನ್ ಮತ್ತು ಜೊತೆಗಾರರು ಹಣೆಯ ಪೊರೆಯನ್ನು ಸಣ್ಣ ಕೊಯ್ತದಿಂದ ಎಬ್ಬಿಸಿ, ಮೂಗಿನ ಬುಡದಲ್ಲಿ ಕಿಂಡಿಯೊಂದನ್ನು ಮಾಡಿ, ಅದರ ಮೂಲಕ ಮೂಗಿನೊಳಕ್ಕೆ ಇಳಿಸುವ ಕ್ರಮವನ್ನು ಬರೆದರು. ಕಿಂಡಿ ಇರುವುದು ಎರಡು ಹುಬ್ಬುಗಳ ನಡುವೆ. ಕುಂಬಾರ ಕೊಯ್ಯದೆ ಬಿಟ್ಟ ಪಟ್ಟಿಯ ಬಳಿಯಲ್ಲೇ.

ತೊಟ್ಟನ್ನು ಕಡಿಯಲೇಬಾರದೆಂದು ಈಗ ಇಲ್ಲ ಎನ್ನುವುದನ್ನೂ ಹೇಳಬೇಕು. ತೀರಾ ದೊಡ್ಡ ನಷ್ಟವಾದಾಗ ತೊಡೆಯಿಂದಲೋ ತೋಳಿನಿಂದಲೋ ಮಾಂಸಖಂಡವನ್ನು ಅದರ ರಕ್ತನಾಳದೊಂದಿಗೆ ಕಡಿದು ತಂದು, ಕುತ್ತಿಗೆಯ ರಕ್ತನಾಳಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುತ್ತಾರೆ. ಊರು ಬಿಟ್ಟು ಬಂದು ಬೇರೆ ನೀರಿಗೆ ಹೊಂದಿಕೊಂಡ ನಮ್ಮಂಥವರಿಗೆ ಅದು ಅರ್ಥವಾಗದ ಮಾತೇನಲ್ಲ. ಆದರೆ ಆ ಹೊಲಿಗೆ ಗಂಟೆಗಳ ಕೆಲಸ, ಪಳಗಿದ ಕೈ ಬೇಕು, ನಾಳ ಹೆಪ್ಪುಗಟ್ಟಿದರೆ ಎಲ್ಲ ಹೋಯಿತು.

*

ಮಾಮಾನ ಆಪರೇಷನ್ನಿಗೆ ಮೊದಲು ಮತ್ತು ಆಮೇಲೆ ಪರೇಲಿನಲ್ಲಿ ಬಹಳ ಓಡಾಡಿದೆ. ಕೆ.ಇ.ಎಂ. ಹತ್ತಿರವೇ 1941ರ ಫೆಬ್ರವರಿ 28ರಂದು ಬಾಗಿಲು ತೆರೆದ ಟಾಟಾ ಮೆಮೋರಿಯಲ್ ಇದೆ. ಅದರ ಮುಂದಿನ ರಸ್ತೆಗೆ ಅಲ್ಲಿಯೇ ದುಡಿದ ಸರ್ಜನ್ ಅರ್ನೆಸ್ಟ್ ಬೋರ್ಜಿಸ್ ಅವರ ಹೆಸರಿದೆ. ರಸ್ತೆಯ ಬದಿಯಲ್ಲಿ ಚಾಪೆ ಹಾಸಿಕೊಂಡವರು, ಫೈಲುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಎದೆಗವಚಿಕೊಂಡವರು, ಮೂಗಿಗೆ ನಳಿಕೆ ಹಾಕಿಸಿಕೊಂಡು ಬಿಸಿಲಿಗೆ ಕೂತವರು. ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಲ್ಲಿ ಜಾಗ ಸಿಕ್ಕವರು ಅದೃಷ್ಟವಂತರು. ಆ ಸಾಲಿನಲ್ಲಿ ಕನ್ನಡ ಕಿವಿಗೆ ಬೀಳದ ದಿನವಿಲ್ಲ. ಬೀದರಿನ, ಕಲಬುರ್ಗಿಯ, ವಿಜಾಪುರದ, ಬೆಳಗಾವಿಯ ಕನ್ನಡ. ಹಿಂದಿ ಬಾರದೆ ಕೌಂಟರಿನ ಮುಂದೆ ತಡವರಿಸುವವರ ಪಕ್ಕ ನಿಂತು ಎರಡು ಮಾತು ತಿರುಗಿಸಿ ಹೇಳುವ ಕೆಲಸವನ್ನು ನಮ್ಮಲ್ಲಿ ಯಾರೂ ವಾರಕ್ಕೊಮ್ಮೆ ಮಾಡಬಹುದು. ಅದಕ್ಕೆ ಡಿಗ್ರಿ ಬೇಡ.

ಎರಡು ಶತಮಾನಗಳಲ್ಲಿ ವಿದ್ಯೆ ಎಷ್ಟು ಬೆಳೆಯಿತೆಂಬುದರಲ್ಲಿ ಅನುಮಾನವಿಲ್ಲ. ಕೊವಾಸ್‌ಜೀಯ ಹಣೆ ಕೊಯ್ಯುವಾಗ ನೋವು ಮರೆಸುವ ಈಥರು ಬರಲು ಇನ್ನೂ ಅರ್ಧ ಶತಮಾನವಿತ್ತು. ಇವತ್ತು ಮಾಮಾ ಮಲಗಿ ಎದ್ದರು, ಅಷ್ಟೇ. ಬದಲಾಗದೆ ಉಳಿದದ್ದೂ ಇದೆ. ಅಂದು ಬೀಳುತ್ತಿದ್ದದ್ದು ಎತ್ತು ಹೊಡೆಯುವವನ ಮೂಗು, ಇಂದು ಹೆಲ್ಮೆಟ್ಟಿಲ್ಲದೆ ಸಂತೆಯಿಂದ ಬರುವವನ ಹಣೆ, ತಂಬಾಕು ಹಾಕಿ ಕೂಲಿ ಮಾಡುವವನ ದವಡೆ. ಮತ್ತು ಒಬ್ಬನ ಮೂಗಿನಿಂದ ಒಂದೇ ಕಡೆ ತಿಂಗಳುಗಟ್ಟಲೆ ತಿಳಿನೀರು ಇಳಿದರೆ ಅದು ನೆಗಡಿ ಅಲ್ಲದಿರಬಹುದು ಎಂಬ ಒಂದು ಮಾತು ಹಳ್ಳಿಗೆ ಇನ್ನೂ ತಲುಪಿಲ್ಲ. ಆಂಟಿಯಾ ಮಾಂಡವಾಕ್ಕೆ ಹೋದದ್ದು ಇಂಥ ಮಾತನ್ನು ತಲುಪಿಸುವುದಕ್ಕೇ ಇದ್ದೀತು.

ನಾಲ್ಕನೆಯ ದಿನ ಮಾಮಾನ ಮೂಗಿನಿಂದ ಹತ್ತಿ ತೆಗೆದರು. ಬಗ್ಗಬೇಡಿ, ಭಾರ ಎತ್ತಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ ಎಂದು ಹೇಳಿ ಮನೆಗೆ ಕಳಿಸಿದರು. ಡೊಂಬಿವಲಿಯ ನಮ್ಮ ಮನೆಯಲ್ಲಿ ತಿಂಗಳೊಪ್ಪತ್ತು ಇದ್ದರು. ಒಂದು ಸಂಜೆ ಅವರಿಗೆ ಕೊವಾಸ್‌ಜೀಯ ಚಿತ್ರ ಫೋನಿನಲ್ಲಿ ತೋರಿಸಿ ಇಡೀ ಕಥೆ ಹೇಳಿದೆ. ಬಹಳ ಹೊತ್ತು ನೋಡಿದರು. ಕಾರ್ಪ್ಯೂ, ಗಿಲ್ಲೀಸ್, ಅರ್ಜೆಂಟೀನಾ ಯಾವುದೂ ಅವರಿಗೆ ಮುಖ್ಯವೆನಿಸಲಿಲ್ಲ.

“ಆ ಕುಂಬಾರನ ಹೆಸರೇನಂದಿ?”

“ಹೆಸರು ಬರೆದಿಟ್ಟಿಲ್ಲ ಮಾಮಾ.”

“ಯಾಕ ಬರೀಲಿಲ್ಲ?” ಎಂದರು. ನಾನು ಸುಮ್ಮನಿದ್ದೆ. ಅವರೇ ಮುಂದುವರಿದು, “ನನ್ನ ಆಪರೇಷನ್ ಮಾಡಿದ ಡಾಕ್ಟರ್ ಹೆಸರೂ ನನಗ ಗೊತ್ತಿಲ್ಲ ನೋಡು. ನಾಳೆ ತೋರಿಸಾಕ ಹೋದಾಗ ಕೇಳೂಣು” ಎಂದರು.

ಮರುದಿನ ಕೇಳಿದೆವು. ಮಾಮಾ ಅದನ್ನು ನನ್ನ ಕೈಲಿ ಕೇಸ್ ಪೇಪರಿನ ಹಿಂದೆ, ಆ ಚಿತ್ರದ ಕೆಳಗೆ, ಕನ್ನಡದಲ್ಲಿ ಬರೆಸಿಕೊಂಡು ಊರಿಗೆ ಒಯ್ದರು.